ಪೂವಪ್ಪನ ಆಣೆ

ನಮ್ಮ ಮುದುಕರ ಮನೆಗೆ ಬರುವ ತಿಂಗಳು ಇಪ್ಪತ್ತೈದು ವರ್ಷ ತುಂಬುತ್ತದೆ. ಉರ್ವದಲ್ಲಿ ಇದನ್ನು ಇಗರ್ಜಿಯವರು ಕಟ್ಟಿಸಿದ್ದು ೧೯೨೩ರಲ್ಲಿ. ಮೊದಲ ದಿನದಿಂದ ಇಲ್ಲಿಯ ದಾಖಲೆ ಬರೆಯುವ ರೈಟರ್ ನಾನೇ ಆದ್ದರಿಂದ ಚರಿತ್ರೆ ಬರೆಯುವ ಕೆಲಸವೂ ಈ ರೇಮಂಡನ ತಲೆಗೇ ಬಿತ್ತು. ದಾನಿಗಳ ಹೆಸರು, ಬಾವಿ ತೋಡಿಸಿದ್ದು, ಬಿಷಪರು ಬಂದು ಮುದುಕರ ಕಾಲು ತೊಳೆದದ್ದು, ಎಲ್ಲವನ್ನೂ ಚೆಂದ ಮಾಡಿ ಬರೆದುಕೊಟ್ಟಿದ್ದೇನೆ. ಪೂವಪ್ಪನ ವಿಷಯ ಬರೆದಿಲ್ಲ. ಅಚ್ಚಾಗುವ ಪುಸ್ತಕದಲ್ಲಿ ಅಂಥದ್ದೆಲ್ಲ ಯಾರಿಗೆ ಬೇಕು?

ಇದ್ದದ್ದು ಹನ್ನೆರಡು ಹಾಸಿಗೆ. ಜಾತಿ, ಧರ್ಮ ಕೇಳುತ್ತಿರಲಿಲ್ಲ. ಆದರೆ ಮಕ್ಕಳಿರುವವರಿಗೆ ಜಾಗವಿಲ್ಲ ಎಂಬುದು ಇದನ್ನು ನಡೆಸುತ್ತಿದ್ದ ಪಾದ್ರಿಗಳ ಕಾನೂನು. ಅವರು ಇಟಲಿಯಿಂದ ಬಂದವರು. ಮಗನಿದ್ದರೆ ಅವನೇ ತಂದೆಯನ್ನು ನೋಡಿಕೊಳ್ಳಬೇಕು ಎನ್ನುವುದು ಅವರ ಲೆಕ್ಕ. ಈ ಊರಿನ ಅಳಿಯ ಕಟ್ಟನ್ನು ಅವರಿಗೆ ಒಮ್ಮೆ ವಿವರಿಸಿ ನೋಡಿದ್ದೆ. ಇಲ್ಲಿ ಮಗ ತಾಯಿಯ ಕುಟುಂಬಕ್ಕೆ ಸೇರಿದವನು, ತಂದೆಗೆ ಉಳಿಯುವುದು ತನ್ನ ಅಕ್ಕತಂಗಿಯರ ಮನೆ ಎಂದೆ. ಪಾದ್ರಿಗಳು ನಕ್ಕು, ದೇವರು ಅಂಥ ಕಾನೂನು ಮಾಡಿಲ್ಲ ಎಂದರು. ಮತ್ತೆ ನಾನು ಆ ಮಾತೆತ್ತಲಿಲ್ಲ.

ಪೂವಪ್ಪ ಮಣ್ಣಗುಡ್ಡದವನು. ಕಳ್ಳು ಇಳಿಸುವಾಗ ತಾಳೆಮರದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಅಕ್ಕ ಸತ್ತ ಮೇಲೆ ಅವಳ ಮಗ ಚೆನ್ನಪ್ಪ ಮನೆಯ ಯಜಮಾನನಾಗಿ, ಮಾವನನ್ನು ದನದ ಕೊಟ್ಟಿಗೆಗೆ ಹಾಕಿದ. ಪೂವಪ್ಪನ ಸ್ವಂತ ಮಗ ಲೋಕಯ್ಯ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುವವನು. ಅವನಿದ್ದದ್ದು ತನ್ನ ಸೋದರಮಾವನ ಮನೆಯಲ್ಲಿ. ಅಲ್ಲಿಗೆ ಅಪ್ಪನನ್ನು ಕರೆದುಕೊಂಡು ಹೋಗುವ ಹಕ್ಕು ಅವನಿಗಿರಲಿಲ್ಲ. ೧೯೩೧ರ ಒಂದು ಬೆಳಿಗ್ಗೆ ಅಪ್ಪನನ್ನು ಬೆನ್ನ ಮೇಲೆ ಹೊತ್ತು ನಮ್ಮ ಗೇಟಿಗೆ ಬಂದ.

"ಮಗ ಉಂಟು ಅಂತ ಹೇಳಿದ್ರೆ ಪಾದ್ರಿಗಳು ಸೇರಿಸುವುದಿಲ್ಲ ಮಾರಾಯ," ಎಂದೆ.

"ಹಾಗಾದ್ರೆ ಇಲ್ಲ ಅಂತ ಬರೀರಿ," ಎಂದ ಲೋಕಯ್ಯ. ಅಪ್ಪನನ್ನು ಜಗಲಿಯಲ್ಲಿ ಕೂರಿಸಿ, ಹಿಂದೆ ನೋಡದೆ ಹೋದ. ನಾನು ದಾಖಲೆ ಪುಸ್ತಕದಲ್ಲಿ ಮಕ್ಕಳಿಲ್ಲ ಎಂದು ಬರೆದೆ. ಆ ದಿನ ನನ್ನ ಬಗ್ಗೆ ನನಗೇ ಬಹಳ ಮೆಚ್ಚುಗೆಯಾಗಿತ್ತು.

ಆಮೇಲೆ ಪ್ರತಿ ಆದಿತ್ಯವಾರ ಲೋಕಯ್ಯ 'ಗುರ್ತದವ' ಎಂದು ಬರತೊಡಗಿದ. ಹಲ್ಲಿಲ್ಲದ ಅಪ್ಪನಿಗೆ ಎಲೆಯಡಿಕೆ ಕುಟ್ಟಿ ಬಾಯಿಗೆ ಹಾಕುತ್ತಿದ್ದ. ಪಕ್ಕದ ಹಾಸಿಗೆಯ ಅಣ್ಣುವನ್ನು ನೋಡಲು ಯಾರೂ ಬರುತ್ತಿರಲಿಲ್ಲ. ಅವನಿಗೆ ಹೊಟ್ಟೆ ಉರಿಯಿತು. ಪೂವಪ್ಪನಿಗೆ ಮಗನಿದ್ದಾನೆ ಎಂದು ಯಾರ ಮೂಲಕವೋ ಪಾದ್ರಿಗಳ ಕಿವಿಗೆ ಹಾಕಿಬಿಟ್ಟ.

ಪಾದ್ರಿಗಳು ಮುಂದಿನ ಆದಿತ್ಯವಾರ ಅಪ್ಪ ಮಗ ಇಬ್ಬರನ್ನೂ ಜಗಲಿಗೆ ಕರೆಸಿದರು. ನಾನು ದುಭಾಷಿ. ಬೈಬಲ್ ಮುಟ್ಟಿಸಿದರೆ ಈ ಜನ ಹೆದರುವುದಿಲ್ಲ, ಆದರೆ ಒಬ್ಬನ ತಲೆಯ ಮೇಲೆ ಕೈಯಿಟ್ಟು ಸುಳ್ಳಾಣೆ ಮಾಡುವುದಿಲ್ಲ, ಮಾಡಿದರೆ ಆ ತಲೆ ಉಳಿಯುವುದಿಲ್ಲ ಎಂದು ನಂಬುತ್ತಾರೆ. ಇದನ್ನು ಪಾದ್ರಿಗಳು ಯಾರಿಂದಲೋ ತಿಳಿದುಕೊಂಡಿದ್ದರು. ತಿಳಿದುಕೊಂಡದ್ದಕ್ಕೆ ಹೆಮ್ಮೆಯೂ ಇತ್ತು.

"ಪೂವಪ್ಪ ಅವನ ತಲೆ ಮುಟ್ಟಿ, ಇವನು ನನ್ನ ಮಗನಲ್ಲ ಎಂದು ಹೇಳಲಿ. ಹೇಳದಿದ್ದರೆ ಇಂದೇ ಹೊರಡಲಿ," ಎಂದರು.

ನಾನು ಅದನ್ನು ತುಳುವಿನಲ್ಲಿ ಹೇಳಿದೆ. ಇನ್ನೇನನ್ನೂ ಸೇರಿಸಲಿಲ್ಲ. ಪೂವಪ್ಪನ ಕೈ ಮಡಿಲಿನಿಂದ ಏಳಲೇ ಇಲ್ಲ. "ನಾನು ಕೊಟ್ಟಿಗೆಗೇ ಹೋಗ್ತೇನೆ," ಎಂದ. ಲೋಕಯ್ಯ ಅವನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಆ ಕೈಯನ್ನು ತಾನೇ ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡ.

"ಹೇಳಿ ಅಜ್ಜ. ನಂಗೆ ಎಂತ ಆಗ್ಲಿಕ್ಕಿಲ್ಲ."

ಪೂವಪ್ಪ ಹೇಳಿದ. ಪಾದ್ರಿಗಳು ಸಂತೋಷದಿಂದ ಅವನ ಬೆನ್ನು ತಟ್ಟಿ, ಸಂಶಯಪಟ್ಟದ್ದಕ್ಕೆ ಕ್ಷಮೆ ಕೇಳಿದರು. ಅಣ್ಣುವಿಗೆ ಎರಡು ಹೊತ್ತು ಗಂಜಿ ಇಲ್ಲ ಎಂದಾಯಿತು.

ಅಂದಿನಿಂದ ಪೂವಪ್ಪ ಮಗನನ್ನು ಹತ್ತಿರ ಸೇರಿಸಲಿಲ್ಲ. ತನ್ನ ಕೈ ತಗಲಿದರೆ ಆಣೆ ಹತ್ತೀತು ಎಂಬ ಭಯ. ಲೋಕಯ್ಯ ಆದಿತ್ಯವಾರ ರಸ್ತೆಯ ಆಚೆ ಹಲಸಿನ ಮರದ ಕೆಳಗೆ ನಿಂತು ಒಮ್ಮೆ ಕೈ ಎತ್ತುತ್ತಿದ್ದ. ಜಗಲಿಯಿಂದ ಅದನ್ನು ನೋಡಿದ ಮೇಲೆ, ಮಗ ಇನ್ನೂ ಬದುಕಿದ್ದಾನೆ ಎಂಬ ಧೈರ್ಯದಲ್ಲಿ ಮುದುಕ ಆ ವಾರದ ಗಂಜಿ ಉಣ್ಣುತ್ತಿದ್ದ. ಹೀಗೆ ಎರಡು ವರ್ಷ ಕಳೆಯಿತು.

ಕಡೆಗೆ ಜ್ವರ ಬಂದು ಅವನನ್ನು ಒಳಕೋಣೆಗೆ ಸಾಗಿಸಿದೆವು. ಅಲ್ಲಿಗೆ ರಸ್ತೆ ಕಾಣುವುದಿಲ್ಲ. ನಾಲ್ಕನೆಯ ಆದಿತ್ಯವಾರ ಅವನ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಪಾದ್ರಿಗಳು ಬೆಳಗಿನಿಂದ ಪಕ್ಕದಲ್ಲೇ ಕುಳಿತಿದ್ದರು. ಅವರು ಕೆಟ್ಟವರಲ್ಲ, ಮುದುಕನ ಎಂಜಲನ್ನು ತಮ್ಮ ಕೈಯಲ್ಲೇ ಒರೆಸಿದರು.

"ರೈಟರೇ, ನನ್ನ ಮಗ ಇದ್ದಾನಾ?" ಎಂದ ಪೂವಪ್ಪ. "ಆಣೆ ಅವನನ್ನು ತಿಂದಿತಾ? ನೋಡಿ ಹೇಳಿ."

ನೋಡುವ ಅಗತ್ಯವಿರಲಿಲ್ಲ. ಸ್ವಲ್ಪ ಮುಂಚೆಯಷ್ಟೇ ನಾನು ಲೋಕಯ್ಯನನ್ನು ಹಲಸಿನ ಮರದ ಕೆಳಗೆ ಕಂಡಿದ್ದೆ. ಮೂವತ್ತು ಹೆಜ್ಜೆ ನಡೆದು ಕರೆದರೆ ಮುಗಿಯುತ್ತಿತ್ತು.

"ಏನು ಹೇಳುತ್ತಿದ್ದಾನೆ?" ಎಂದು ಪಾದ್ರಿಗಳು ಕೇಳಿದರು.

ನಿಜ ಹೇಳಿದರೆ ದಾಖಲೆ ಪುಸ್ತಕದಲ್ಲಿ ಸುಳ್ಳು ಬರೆದವನು ನಾನು ಎಂದು ಗೊತ್ತಾಗುತ್ತಿತ್ತು. ನನ್ನ ಕೆಲಸ ಹೋಗುತ್ತಿತ್ತು. ಮುದುಕನಿಗೆ ತುಳುವಿನಲ್ಲಿ 'ಇದ್ದಾನೆ' ಎಂದರೂ ಸಾಕಿತ್ತು, ಅದರ ಅರ್ಥವನ್ನೂ ಪಾದ್ರಿಗಳು ಕೇಳಿಯಾರು ಎಂದು ಅದಕ್ಕೂ ಹೆದರಿದೆ. ನಾನು ಹೇಡಿ, ಇದಕ್ಕೆ ಬೇರೆ ಹೆಸರಿಲ್ಲ.

"ಮಗನನ್ನು ಕೇಳುತ್ತಿದ್ದಾನೆ, ಫಾದರ್. ಜ್ವರದ ಬಡಬಡಿಕೆ."

"ಪಾಪ, ಇಲ್ಲದ ಮಗ," ಎಂದು ಪಾದ್ರಿಗಳು ಕಣ್ಣೊರೆಸಿಕೊಂಡರು. ಪೂವಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಅವನಿಗೆ ಉತ್ತರ ಕೊಡದಿದ್ದದ್ದಕ್ಕೆ ಒಂದೇ ಅರ್ಥ, ಆಣೆ ಮಗನನ್ನು ತಿಂದಿದೆ ಎಂದುಕೊಂಡ. ಆಣೆಯಿಟ್ಟ ಬಲಗೈಯನ್ನು ಎಡಗೈಯಿಂದ ಹೊಡೆದುಕೊಳ್ಳತೊಡಗಿದ. ನಿಲ್ಲಿಸಲು ನಾವಿಬ್ಬರೂ ಅವನನ್ನು ಹಿಡಿಯಬೇಕಾಯಿತು. ಸಂಜೆಯೊಳಗೆ ಸತ್ತ.

ಚಿತೆಗೆ ಕಿಚ್ಚು ಕೊಡುವವರಿಲ್ಲ ಎಂದು ಸೋಮವಾರ ಹಿತ್ತಲಿನಲ್ಲಿ ಹೂಳಿದೆವು. ಮುಂದಿನ ಆದಿತ್ಯವಾರ ಲೋಕಯ್ಯ ರಸ್ತೆ ದಾಟಿ ಗೇಟಿಗೆ ಬಂದ. ಜಗಲಿಯಲ್ಲಿ ಪಾದ್ರಿಗಳು ಕುಳಿತದ್ದನ್ನು ಕಂಡು ದನಿ ತಗ್ಗಿಸಿದ.

"ಪೂವಪ್ಪಜ್ಜ ಅಂತ ಒಬ್ಬರು ಉಂಟಲ್ಲ, ಈಗ ಜಗಲಿಗೆ ಬರುವುದಿಲ್ಲವಾ?"

"ಹೋದ ವಾರ ತೀರಿಕೊಂಡರು. ಹೂಳಿ ಆಯ್ತು."

ಅವನು ಗೇಟಿನ ಸರಳು ಹಿಡಿದುಕೊಂಡ. ಅಪ್ಪ ಎಂಬ ಮಾತು ಆಗಲೂ ಬಾಯಿಂದ ಬರಲಿಲ್ಲ.

"ಕಡೆಗೆ ಯಾರನ್ನಾದರೂ ಕೇಳಿದ್ರಾ?"

"ಇಲ್ಲ," ಎಂದೆ. "ಯಾರನ್ನೂ ಕೇಳಲಿಲ್ಲ."