ತುಟಿ ಮಾತ್ರ ಆಡಿಸು

ಪಿಸುಗುಟ್ಟುವುದೇ ನನ್ನ ಮಾತು. ಎದುರಿನವರು "ಏನು?" ಎಂದು ಎರಡನೆಯ ಸಲ ಕೇಳಿದರೆ "ಏನಿಲ್ಲ" ಎಂದು ಸುಮ್ಮನಾಗುತ್ತೇನೆ; ಹೇಳಬೇಕಾದದ್ದು ಡೈರಿಗೆ ಹೋಗುತ್ತದೆ. ಪದವಿ ಮುಗಿದ ಮೇಲೆ ಅಮ್ಮ ನನ್ನನ್ನು ಕೇಳದೆಯೇ, ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕೂಗಿ ಹೇಳುವ ಕೆಲಸಕ್ಕೆ ಅರ್ಜಿ ಹಾಕಿದ್ದಳು.

"ಇವತ್ತು ಮೂರು ಗಂಟೆಗೆ ಸಂದರ್ಶನ. ಬಾಯಿಗೆ ಹಾಕ್ಕೊಂಡಿರೋ ಬೀಗ ಎಲ್ಲಾದ್ರೂ ತೆಗೆಸ್ಕೊಂಡು ಹೋಗೇ."

ಎಲ್ಲಿ ಎನ್ನುವುದು ನನಗೆ ಗೊತ್ತಿತ್ತು. ಐದನೇ ಕ್ಲಾಸಿನ ಡೈರಿಯನ್ನು ಚೀಲಕ್ಕೆ ಹಾಕಿಕೊಂಡು ಬೆಳಗ್ಗೆಯೇ ಹಳೆಯ ಶಾಲೆಗೆ ಹೋದೆ.

ಅಟೆಂಡರ್, ಮಕ್ಕಳಿಂದ ಕಿತ್ತುಕೊಂಡ ವಸ್ತುಗಳ ಬೀರು ತೆರೆದ. ಬುಗುರಿಗಳು, ಪೀಪಿ, ಒಂಟಿ ಓಲೆ.

"ನಿಂದೇನಮ್ಮ?"

"ಧ್ವನಿ."

"ಏನು?"

ಏನಿಲ್ಲ ಎನ್ನಲು ಹೊರಟವಳು ಡೈರಿ ಬಿಚ್ಚಿ ತೋರಿಸಿದೆ. 'ಇವತ್ತು ಎಲ್ಲರ ಮುಂದೆ ಸಂಗೀತದ ಟೀಚರ್, ನೀನು ಹಾಡಬೇಡ, ತುಟಿ ಮಾತ್ರ ಆಡಿಸು ಅಂದರು.' ಅವನು ಆ ತಾರೀಖನ್ನು ರಿಜಿಸ್ಟರಿನಲ್ಲಿ ಬೆರಳಿಟ್ಟು ಹುಡುಕಿದ.

"ಹಾಂ, ಇದೆ. ಧ್ವನಿ, ಒಂದು. ಎಲ್ಲರೂ ಪರೀಕ್ಷೆ ಮುಗಿದ ದಿನವೇ ಬಂದು ತಗೊಂಡು ಹೋಗ್ತಾರೆ. ನೀನ್ಯಾಕೆ ಬರ್ಲಿಲ್ಲ?"

"ಕೇಳೋಕೆ ಧ್ವನಿ ಇರ್ಲಿಲ್ಲ."

ಸೀಮೆಸುಣ್ಣದ ಡಬ್ಬಿಯೊಳಗೆ ಅದು ಅವತ್ತಿನ ಹಾಡಿನ ಎರಡನೇ ಸಾಲಿನಲ್ಲೇ ಸಿಕ್ಕಿಕೊಂಡು ಗುಂಯ್‌ಗುಡುತ್ತಿತ್ತು. ಆದರೆ ಕಿತ್ತುಕೊಂಡವರೇ ಕೈಯಾರೆ ಕೊಡಬೇಕಂತೆ. ಅಟೆಂಡರ್ ಹೋಗಿ ಟೀಚರನ್ನು ಕರೆತಂದ.

ಟೀಚರ ಕೂದಲು ನರೆತಿತ್ತು; ಗದರಿಸುವ ಬೆರಳು ಮಾತ್ರ ಹಾಗೇ ಇತ್ತು. ಹನ್ನೊಂದು ವರ್ಷಗಳಲ್ಲಿ ನಾನು ಏಳು ಡೈರಿ ತುಂಬ ಅವರನ್ನು ಬೈದು ಬರೆದಿದ್ದೆ. ಅವರಿಗೆ ನನ್ನ ನೆನಪೇ ಇರಲಿಲ್ಲ; ಡೈರಿಯ ಆ ಸಾಲು ಓದಿ ವಿಷಯ ತಿಳಿದುಕೊಂಡರು.

"ನುಂಗು," ಎಂದು ಡಬ್ಬಿಯ ಮುಚ್ಚಳ ತೆಗೆದು ಕೊಟ್ಟರು. "ಎಲ್ಲಿ, ಹಾಡು ನೋಡೋಣ."

ನುಂಗಿದೆ. ಐದನೇ ಕ್ಲಾಸಿನ ಅಳತೆ, ಗಂಟಲಲ್ಲಿ ಬಿಗಿಯಾಯಿತು. ಎರಡನೇ ಸಾಲು ಎತ್ತಿಕೊಂಡೆ. ಟೀಚರ್ ಕಿವಿ ಮುಚ್ಚಿಕೊಂಡರು.

"ಅವತ್ತು ನಾನು ಸರಿಯಾಗೇ ಹೇಳಿದ್ದೆ! ಶ್ರುತಿ ಒಂದು ಕಡೆ, ನೀನು ಇನ್ನೊಂದು ಕಡೆ. ಬೇಡಮ್ಮ, ತುಟಿ ಮಾತ್ರ ಆಡಿಸು."

ನನ್ನನ್ನು ಕಂಡರಾಗದೆ ಹಾಗೆ ಹೇಳಿದ್ದರೆಂದೇ ಇಷ್ಟು ದಿನ ನಂಬಿದ್ದೆ. ಈಗ ನನ್ನ ಕಿವಿಗೂ ಕೇಳಿಸಿತು. ಶುದ್ಧ ಅಪಸ್ವರ. ಏಳು ಡೈರಿಗಳಲ್ಲಿ ಒಂದರಲ್ಲೂ ಇದು ಇರಲಿಲ್ಲ. ನಗು ತಡೆಯಲಾಗಲಿಲ್ಲ.

"ಅಪಸ್ವರಾನೇ ಟೀಚರ್. ಆದ್ರೂ ಮುಗಿಸ್ತೀನಿ."

ಮೂರನೇ ಚರಣದಲ್ಲಿ ಗಂಟಲೊಳಗೆ ಹೊಲಿಗೆ ಬಿಟ್ಟಂತಾಗಿ, ಧ್ವನಿ ನನ್ನ ಅಳತೆಗೆ ಬಂತು. ಊಟದ ಗಂಟೆ ಹೊಡೆಯಿತೆಂದುಕೊಂಡು ಮಕ್ಕಳೆಲ್ಲ ಕ್ಲಾಸಿನಿಂದ ಹೊರಗೆ ಓಡಿಬಂದರು. ಟೀಚರ್ ಅವಸರದಲ್ಲಿ ರಿಜಿಸ್ಟರಿಗೆ ಸಹಿ ಹಾಕಿದರು.

"ಹೋಗು ತಾಯಿ, ಬೇಗ ಹೋಗು."

ಮೂರು ಗಂಟೆಗೆ ನಿಲ್ದಾಣದ ಅಧಿಕಾರಿ ನನ್ನ ಕೈಗೊಂದು ಹಾಳೆ ಕೊಟ್ಟು ಮೈಕಿನ ಗುಂಡಿ ತಡಕಾಡುತ್ತಿದ್ದರು. ನಾನು ಕಾಯದೆ ಓದಿಬಿಟ್ಟೆ: "ಮೂರನೇ ಅಂಕಣದಲ್ಲಿ ನಿಂತಿರುವ ಬಸ್ಸು ಈಗ ಹೊರಡುತ್ತದೆ!"

ಕಿಟಕಿಯಾಚೆ ಜನ ಗಂಟುಮೂಟೆ ಎತ್ತಿಕೊಂಡು ಓಡಿದರು. ಡ್ರೈವರೂ ಟೀ ಲೋಟ ಬಿಟ್ಟು ಓಡಿ ಹತ್ತಿದ.

"ಅಯ್ಯೋ, ಅದು ಪರೀಕ್ಷೆಗೆ ಅಂತ ಬರೆದಿದ್ದು ಕಣಮ್ಮ! ಆ ಬಸ್ಸು ಕೆಟ್ಟು ನಿಂತು ವಾರ ಆಯ್ತು!"

"ಹಾಗಾದ್ರೆ ಇಳಿಯೋಕೆ ಹೇಳಿ ಸಾರ್."

"ನಾನು ಹೇಳಿದ್ರೆ ಯಾರು ಕೇಳ್ತಾರೆ?" ಅವರು ಮೈಕಿನ ಮುಂದಿನ ಕುರ್ಚಿ ನನ್ನ ಕಡೆ ಎಳೆದರು. "ಬಾ, ಕೂತ್ಕೋ. ಹತ್ತಿಸಿದವಳು ನೀನೇ ಇಳಿಸು."