ಚಿಪ್ಪಿನೊಳಗಿನ ಹಳದಿ

ಬೇಯಿಸಿದ ಏಡಿಯ ಬೆನ್ನಚಿಪ್ಪು ಬಿಚ್ಚಿದರೆ ಒಳಗೆ ಬೆಣ್ಣೆಯಂಥ ಹಳದಿ ಸಿಗುತ್ತದೆ. ಆ ಮನೆಯಲ್ಲಿ ಅದು ಪುಟ್ಟಿಗೇ ಮೀಸಲು. ಅಪ್ಪ ಅಳಿವೆಯಲ್ಲಿ ಏಡಿ ಹಿಡಿದು ಮಾರುವವನು. ಕಾಲು ಮುರಿದು ಮಾರಾಟವಾಗದವನ್ನು ಮನೆಗೆ ತಂದು, ಹಳದಿಯನ್ನು ಬೆರಳಲ್ಲಿ ತೆಗೆದು ಮಗಳ ಬಾಯಿಗಿಡುತ್ತಿದ್ದ. "ಕಟ್ಟಿಕೊಂಡವಳಿಗೆ ಒಂದು ದಿನವಾದರೂ ಕೊಟ್ಟಿದ್ದುಂಟಾ?" ಎಂದು ಅಮ್ಮ ಮೂತಿ ತಿರುವುತ್ತಿದ್ದಳು. ಅಪ್ಪನಿಗೆ ಅದು ಕೇಳಿಸಿದ್ದೇ ಇಲ್ಲ.

ಪುಟ್ಟಿ ದೊಡ್ಡವಳಾಗಿ, ದೂರದ ಊರಲ್ಲಿ ನೀರು, ಮೀನು ಪರೀಕ್ಷಿಸುವ ಪ್ರಯೋಗಾಲಯ ಸೇರಿದಳು. ಹಣೆಬರಹ ನೋಡಿ, ಅಲ್ಲೂ ಅದೇ ಕೆಲಸ: ಚಿಪ್ಪು ಬಿಚ್ಚಿ, ಹಳದಿ ಕೆರೆದು, ಸೀಸೆಗೆ ತುಂಬುವುದು. ಹೊಲಗಳಿಗೆ ಹೊಡೆದ ಕೀಟನಾಶಕ ಮಳೆನೀರಿನ ಜೊತೆ ಇಳಿದು ಅಳಿವೆ ಸೇರುತ್ತದೆ. ಕೆಸರಿನಿಂದ ಹುಳುವಿಗೆ, ಹುಳುವಿನಿಂದ ಏಡಿಗೆ ಹೋಗಿ ಆ ಹಳದಿಯಲ್ಲೇ ಠಿಕಾಣಿ ಹೂಡುತ್ತದೆ. ಇದೆಲ್ಲ ಗೊತ್ತಿದ್ದೂ ಸೀಸೆ ತುಂಬುವಾಗ ಅವಳ ಬಾಯಲ್ಲಿ ನೀರೂರುತ್ತಿತ್ತು. ನಾಚಿಕೆಗೆಟ್ಟ ನಾಲಿಗೆ, ಒಡತಿ ಓದಿದ್ದು ಅದಕ್ಕೆಲ್ಲಿ ತಿಳಿಯಬೇಕು!

ಮೊಲೆಹಾಲು ಕುಡಿಯುವ ಕೂಸನ್ನೆತ್ತಿಕೊಂಡು ತವರಿಗೆ ಬಂದಳು. ಅಮ್ಮ ಬಾಗಿಲಲ್ಲೇ ಕೂಸನ್ನು ಕಸಿದುಕೊಂಡು ಒಳಕೋಣೆಗೆ ಹೋದಳು. ಅಪ್ಪ ಅವತ್ತಿನ ಏಡಿಗಳಲ್ಲೇ ದಪ್ಪನೆಯದನ್ನು ಮಾರದೆ ಬೇಯಿಸಿಟ್ಟಿದ್ದ. ಚಿಪ್ಪು ಬಿಚ್ಚಿ ಬೆರಳು ಚಾಚಿದ.

"ಬೇಡಪ್ಪಾ. ಹೊಲದ ಔಷಧಿಯೆಲ್ಲ ಅದರಲ್ಲೇ ನಿಲ್ಲೋದು. ನಾನು ತಿಂದರೆ ಹಾಲಲ್ಲಿ ಕೂಸಿಗೂ ಹೋಗುತ್ತೆ."

"ಚೆನ್ನಾಗಿ ಬೇಯಿಸಿದ್ದೀನಲ್ಲೇ."

"ಬೇಯಿಸಿದರೂ ಹೋಗಲ್ಲಪ್ಪಾ."

ಚಾಚಿದ ಬೆರಳು ಅಲ್ಲೇ ನಿಂತಿತು. "ಹಾಗಾದರೆ ಆಗ ನಾನು ತಿನ್ನಿಸಿದ್ದು?"

"ಆಗ ನೀರು ಚೆನ್ನಾಗಿತ್ತು," ಎಂದಳು. ಆಗಿನ ನೀರನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ. ಅಪ್ಪ ಬೆರಳು ಹಿಂದೆಗೆಯಲಿಲ್ಲ.

ಹಳದಿಯ ಆಸೆ ಹಾಳಾಗಿ ಹೋಗಲಿ. ಒಂದೇ ಒಂದು ಸಲ ಅಪ್ಪನ ಮುಂದೆ ಬಾಯಿ ತೆರೆದು ಕೂರಬೇಕು ಎಂದು ಅವಳಿಗೆ ಅನ್ನಿಸುತ್ತಿತ್ತು. ತುಟಿ ಬಿಗಿಹಿಡಿದಳು.

"ನೀನೇ ಬೇಡ ಅಂದಮೇಲೆ ಇನ್ಯಾರಿಗಿಡಲಿ?" ಎನ್ನುತ್ತಾ ಅಪ್ಪ ಆ ಬೆರಳನ್ನು ತನ್ನ ಬಾಯಿಗೇ ಇಟ್ಟುಕೊಂಡ. ಅವಳು ಕೈ ಹಿಡಿಯುವಷ್ಟರಲ್ಲಿ ನುಂಗಿಯೂ ಆಗಿತ್ತು. ಜೀವಮಾನವಿಡೀ ಏಡಿ ಹಿಡಿದವನು ಹಳದಿಯನ್ನು ನಾಲಿಗೆಗೆ ತಾಗಿಸಿದ್ದು ಅದೇ ಮೊದಲು.

"ಇಷ್ಟು ರುಚಿಯಾಗಿರುತ್ತೇನೇ, ಪುಟ್ಟೀ?"

"ಹೂಂ ಅಪ್ಪಾ," ಎಂದಳು ಅವಳು, ಅವನ ಕೈ ಬಿಡದೆ, ಬಿಕ್ಕುತ್ತಾ. "ಅಷ್ಟೇ ರುಚಿ ಇರುತ್ತಿತ್ತು."