ಗಲ್ಲದ ಮೇಲಿನ ಹತ್ತಿ

ಯಾವ ಗಲ್ಲ, ಎಡದ್ದೋ ಬಲದ್ದೋ, ಇಷ್ಟು ನೆನಪಿಲ್ಲ ಅಂದರೆ ತಾನೆಂಥ ಗೆಳತಿ, ಇದನ್ನು ಯಾರ ಮುಂದೆ ಹೇಳಿಕೊಳ್ಳುವುದು, ಬಸ್ಸಿನ ಕಿಟಕಿ ಗಡಗಡ ಅನ್ನುತ್ತಿದೆ, ಗಾಜಿನಲ್ಲಿ ತನ್ನದೇ ಮುಖ, ಮುಖದ ಹಿಂದೆ ಓಡುವ ಹೊಲ, ಇನ್ನೂ ಹಸಿರು, ಹತ್ತಿ ಒಡೆಯಲು ಇನ್ನೂ ದಿನ ಇದೆ, ತೊಡೆಯ ಮೇಲೆ ಪೇಪರಿನಲ್ಲಿ ಸುತ್ತಿ ಸುತಳಿ ಕಟ್ಟಿದ ಫೋಟೋ, ಅದರೊಳಗೆ ಮಲ್ಲಿಕಾ, ಅವಳ ಗಲ್ಲದ ಮಚ್ಚೆ ಬಲಗಡೆ ಇದೆ, ರಾಯಚೂರಿನ ಸ್ಟುಡಿಯೋದಲ್ಲಿ ಅಲ್ಲಾಉದ್ದೀನ್ ಒಂದು ಗಳಿಗೆ ಎತ್ತಿ ತೋರಿಸಿದಾಗ ಮೌನೇಶ್ವರಿಗೆ ಕಂಡದ್ದು ಅದೊಂದೇ, ಬಲಗಡೆ, ಕಂಡ ಕೂಡಲೇ ಒಳಗೆ ಏನೋ ತಪ್ಪಿದಂತಾಗಿತ್ತು, ಗುರುತಿನ ಮನೆಗೆ ಹೋದರೆ ಬಾಗಿಲು ಬೇರೆ ದಿಕ್ಕಿಗೆ ಇದ್ದ ಹಾಗೆ. ಚಂದ ಬಂದದ ನೋಡ್ರಿ ಮೇಡಂ, ಅವರ ತಂದಿಯವರು ಫೋನ್ ಮಾಡಿದ್ರು, ಗೋಡಿ ಮ್ಯಾಲಿನ ಬುದ್ಧನ ಫೋಟೋ ಕಡಿ ಮಾರಿ ಇರ್ಬೇಕು ಅಂದ್ರು, ಹಂಗ ಕುಂದ್ರಿಸೀನಿ — ಕುಂದ್ರಿಸೀನಿ ಅಂದರೆ ಏನು, ಎಡದ್ದು ಬಲ ಮಾಡಿ ತಿರುವಿಬಿಟ್ಟಿರೇನು, ಅಥವಾ ಇದ್ದದ್ದೇ ಹಾಗೋ, ಕೇಳಬೇಕಿತ್ತು, ನಾಲಿಗೆಯ ತನಕ ಬಂದಿತ್ತು, ಹಿಂದೆ ಪಾಸ್‌ಪೋರ್ಟ್ ಸೈಜಿನವರು ಸಾಲಾಗಿ ನಿಂತಿದ್ದರು, ಒಬ್ಬ ಆಗಲೇ ತಲೆ ಬಾಚಿಕೊಳ್ಳುತ್ತಿದ್ದ, ಆಗ್ಲಿ ರೀ ಅಂದು ಎತ್ತಿಕೊಂಡು ಬಂದಳು. ಆಗ್ಲಿ ರೀ. ಎಂ.ಎ. ಓದಿದ ಬಾಯಿ ಇದು.

ನಿನ್ನೆ ಡೈರಿ ತೆಗೆದು ಹುಡುಕಿದಳು, ಎಲ್ಲಾ ಇದೆ, ಯರಗೇರಾ ಕ್ಯಾಂಪಸ್ಸಿನ ಬಸ್ಸಿನಲ್ಲಿ ಮಲ್ಲಿಕಾ ಮೊದಲ ದಿನ ಕರ್ಚೀಪು ಹಾಕಿ ಸೀಟು ಹಿಡಿದದ್ದು, ಹಾಸ್ಟೆಲಿನ ನೀರು ನೀರಾದ ಸಾರಿಗೆ ಅವಳಿಟ್ಟ ಹೆಸರು, ಅವಳು ಊರಿಗೆ ಹೋದ ಭಾನುವಾರ ರೂಮು ಎಷ್ಟು ದೊಡ್ಡದಾಗುತ್ತಿತ್ತು ಅನ್ನುವುದು, ಮಚ್ಚೆ ಯಾವ ಕಡೆ ಅಂತ ಮಾತ್ರ ಇಲ್ಲ, ಯಾರು ಬರೆಯುತ್ತಾರೆ, ದಿನಾ ಎದುರಿಗೆ ಕೂತು ಉಣ್ಣುವವಳ ಮುಖವನ್ನು ಯಾರಾದರೂ ಬರೆದಿಟ್ಟುಕೊಳ್ಳುತ್ತಾರೆಯೇ. ಫೋನಿನ ಸೆಲ್ಫಿಗಳನ್ನು ನಂಬುವ ಹಾಗಿಲ್ಲ, ಒಂದರಲ್ಲಿ ಎಡ ಒಂದರಲ್ಲಿ ಬಲ, ಆಧಾರ್ ಕಾರ್ಡಿನಲ್ಲಿ ಮಚ್ಚೆ ಹೋಗಲಿ ಮಲ್ಲಿಕಾನೇ ಇಲ್ಲ, ಕಂಡವರ ಫೋಟೋ ತೆಗೆಯುತ್ತ ತಿರುಗುವವಳಿಗೆ ತನ್ನದೊಂದು ಫೋಟೋ ಎಲ್ಲಿಂದ ಬರಬೇಕು, ಸೆಲ್ಫಿ ಬಿಟ್ಟರೆ ಇದ್ದದ್ದು ಒಂದೇ, ಆ ದಿನ ಗಬ್ಬೂರಿನ ಗುಡಿಕಟ್ಟೆಯ ಮೇಲೆ ತಾನು ತೆಗೆದದ್ದು, ಅದನ್ನೂ ತೆರೆದು ನೋಡುವ ಧೈರ್ಯವಾಗದೆ ಕ್ಯಾಮೆರಾದ ಕಾರ್ಡನ್ನು ಹಾಗೇ ಅಲ್ಲಾಉದ್ದೀನನಿಗೆ ಕೊಟ್ಟಿದ್ದಳು, ಅದ್ರಾಗ ಒಂದ ಅದ ರೀ ಆಕಿದು, ಗುಡಿಕಟ್ಟಿ ಮ್ಯಾಲ ಕುಂತದ್ದು. ಪಕ್ಕದ ಸೀಟಿನ ಹೆಂಗಸು ಆಗಿನಿಂದ ಪೊಟ್ಟಣವನ್ನೇ ನೋಡುತ್ತಿದ್ದಾಳೆ, ಯಾವ ದೇವ್ರವ್ವಾ ಅದು, ಯಲ್ಲಮ್ಮನೇನು, ಮೌನೇಶ್ವರಿ ಸುತಳಿಯ ಗಂಟು ಬಿಗಿ ಮಾಡಿದಳು, ಹೆಂಗಸು ಪೇಪರಿಗೆ ಎರಡು ಬೆರಳು ಮುಟ್ಟಿಸಿ ಕಣ್ಣಿಗೊತ್ತಿಕೊಂಡಳು, ಮಲ್ಲಿಕಾ ಇದ್ದಿದ್ದರೆ ನಕ್ಕು ಸಾಯುತ್ತಿದ್ದಳು, ನೋಡ್ ಬೇ ಮೌನಿ, ಕುಂತಲ್ಲೆ ದೇವ್ರಾದೆ, ಟಿಕೇಟೂ ಇಲ್ಲ — ಸಾಯುತ್ತಿದ್ದಳು ಅಂತ ಎಷ್ಟು ಸುಲಭಕ್ಕೆ ಬಂತು ಮಾತು.

ಆ ದಿನ ಈ ರೋಡಿಗೆ ಕೊನೆಗೆ ಬಂದಿದ್ದರು, ಮೊದಲು ಮಾನ್ವಿ, ಅಲ್ಲಿಂದ ಸಿರವಾರ, ದೇವದುರ್ಗ, ಆಮೇಲೆ ಗಬ್ಬೂರು ಹಿಡಿದು ವಾಪಸ್ಸು, ಒಂದು ಸುತ್ತು ಹಾಕೂಣು ಬಾ, ಪರೀಕ್ಷಿ ಮುಗ್ದಾವ, ಮನ್ಯಾಗ ಕುಂತು ಏನ್ ಬರಿತೀ ಆ ಡೈರ್ಯಾಗ, ಹಲ್ಲುಜ್ಜಿದೆ ಮಾರಿ ತೊಳ್ಕೊಂಡೆ ಅಂತನಾ. ಅವಳ ತಮ್ಮ ಆನಂದನ ಸ್ಕೂಟಿ, ಕರ್ನೂಲಿನ ಮದುವೆ ಫೋಟೋಗ್ರಾಫರ್ ಒಬ್ಬ ಹಳೆಯದಾಯಿತೆಂದು ಬಿಟ್ಟ ಕ್ಯಾಮೆರಾ, ಮೌನೇಶ್ವರಿ ಒಂದು ಕಡೆ ಕಾಲು ಇಳಿಬಿಟ್ಟು ಕೂರಹೋದರೆ ಬೈಗುಳ, ಗಂಡಸ್ರಂಗ ಎರಡೂ ಕಡಿ ಕಾಲ್ ಹಾಕು, ಇಲ್ಲಂದ್ರ ಕಲ್ಲೂರು ಬರೂದ್ರಾಗ ಇಬ್ರೂ ತಗ್ಗಿನ್ಯಾಗ, ಕ್ಯಾಮೆರಾ ತೊಡಿ ಮ್ಯಾಲ ಇಟ್ಕೋ, ಬೆಲ್ಟು ಬಲಗೈಗಿ ಎರಡು ಸುತ್ತು ಸುತ್ಕೋ, ಜೀವ ಹೋದ್ರೂ ಬಿಡಬ್ಯಾಡ, ಆಗ್ಲಿ ಅಂದಳು, ಸುತ್ತಿಕೊಂಡಳು, ಸಂಜೆಗೆ ನೋಡಿದರೆ ಮುಂಗೈ ಮೇಲೆ ಕೆಂಪು ಬರೆ. ಸ್ಕೂಟಿಯ ಕನ್ನಡಿಯಲ್ಲಿ ಮಲ್ಲಿಕಾಳ ಮುಖ ಕುಣಿಯುತ್ತಿತ್ತು, ಆ ದಿನವಿಡೀ ತಾನು ನೋಡಿದ್ದು ಆ ಮುಖವನ್ನೇ, ಕನ್ನಡಿಯೊಳಗಿನದನ್ನೇ, ಅದಕ್ಕೇ ಈಗ ಕಣ್ಣಿಗೆ ಎಡ ಬಲ ತಿಳಿಯದಾಗಿದೆ, ಕಣ್ಣು ಮುಚ್ಚಿದರೆ ಒಮ್ಮೆ ಈ ಕಡೆ ಒಮ್ಮೆ ಆ ಕಡೆ, ಮಚ್ಚೆ ನೊಣದ ಹಾಗೆ ಹಾರಿ ಹಾರಿ ಕೂರುತ್ತದೆ. ಮಾನ್ವಿಯಲ್ಲಿ ಮಂಡಾಳು ಒಗ್ಗರಣೆ, ಮಿರ್ಚಿ, ಖಾರಕ್ಕೆ ಮೂಗು ಸೋರುತ್ತ ಇಬ್ಬರಿಗೂ ಒಂದೇ ದುಪಟ್ಟಾ, ಆಚೆ ಡಾಂಬರು ರೋಡಿನ ಅರ್ಧಕ್ಕೆ ಭತ್ತ ಹರವಿದ್ದರು, ಮುಂದೆ ಹೋಗುತ್ತಿದ್ದ ಹತ್ತಿ ಟ್ರ್ಯಾಕ್ಟರಿನಿಂದ ಅರಳೆ ಹಾರಿ ಹಾರಿ ಬರುತ್ತಿತ್ತು, ಚಳಿಗಾಲದ ಬಿಸಿಲಿನಲ್ಲಿ ಬೆಳ್ಳಗೆ, ಮೌನಿ, ಗಲ್ಲಕ್ಕ ಏನೋ ಹತ್ತೇದ, ಒರಸ್, ಕೈ ಬಿಡಾಕ ಬರಲ್ಲ ನನಗ, ಹಿಂದೆ ಕೂತವಳಿಗೆ ಕಾಣುವುದೆಲ್ಲಿ, ಕೈ ಮುಂದೆ ಚಾಚಿ ಬೆರಳಿನಿಂದಲೇ ತಡವಿದಳು, ಸಿಕ್ಕಿತು, ಉಬ್ಬಿಕೊಂಡು ಸಣ್ಣಗೆ, ಉಜ್ಜಿದಳು, ಇನ್ನೊಮ್ಮೆ ಉಜ್ಜಿದಳು, ಸ್ಕೂಟಿ ಓಲಾಡಿತು, ಅದು ಹತ್ತಿ ಅಲ್ಲ ಬೇ ಹುಚ್ಚಿ, ಅದು ಮಚ್ಚಿ, ಹುಟ್ಟಿದಾಗಿಂದ ಅದ, ನೀ ಉಜ್ಜಿದ್ರ ಹೋಗ್ತದನು, ಹತ್ತಿ ಅದರ ಬಾಜೂಕ ಅದ — ಆ ನಗು ಬೆನ್ನಿನೊಳಗಿಂದ ಬಂತು, ಬೆನ್ನಿಗೆ ಒತ್ತಿದ ತನ್ನ ಎದೆಗೂ ಬಂತು.

ಸಿರವಾರದ ಆಚೆ ಹೊಲದಲ್ಲಿ ಹತ್ತಿ ಬಿಡಿಸುವ ಹೆಂಗಸರು, ತಲೆಗೆ ಮುಖಕ್ಕೆ ಬಟ್ಟೆ ಸುತ್ತಿಕೊಂಡವರು, ಮಲ್ಲಿಕಾ ಬದುವಿನ ಮೇಲೆ ನಿಂತು ಮೊದಲು ಕೇಳುತ್ತಾಳೆ, ತಗೀಲೇನವ್ವಾ, ತಗಿ ತಗಿ, ಪೇಪರ್‌ನ್ಯಾಗ ಹಾಕ್ತೀ ಏನು, ಇಲ್ಲವ್ವಾ ನನ್ನ ಹಂತ್ಯಾಕ ಇಟ್ಕೋತೀನಿ, ತೆಗೆದ ಮೇಲೆ ಮುಳ್ಳು ಕಾಲಿಗೆ ಚುಚ್ಚಿದರೂ ಹೊಲ ದಾಟಿ ಹೋಗಿ ತೋರಿಸುತ್ತಾಳೆ, ಅದು ಅವಳ ನೇಮ, ಯಾರು ಕಲಿಸಿದ್ದೋ, ತೆಗೆಸಿಕೊಂಡವರ ಮುಖ ಅವರಿಗೇ ಒಪ್ಪಿಗೆಯಾಗಬೇಕು. ಒಬ್ಬ ಮುದುಕಿ, ಉಡಿಯ ತುಂಬ ಹತ್ತಿ, ಮುಖಕ್ಕೆ ಓರೆ ಬಿಸಿಲು, ಸುಕ್ಕು ಸುಕ್ಕಿನಲ್ಲೂ ಬೆಳಕು ಕೂತಿತ್ತು, ಅಂಥ ಫೋಟೋವನ್ನು ಮೌನೇಶ್ವರಿ ಪುಸ್ತಕಗಳಲ್ಲಷ್ಟೇ ಕಂಡಿದ್ದಳು, ಮುದುಕಿ ಕಣ್ಣು ಕಿರಿದು ಮಾಡಿ ಪರದೆ ನೋಡಿದಳು, ತಲೆ ಅಲ್ಲಾಡಿಸಿದಳು, ಇದು ನಾ ಅಲ್ಲ ಬಿಡು, ನೀವ ಆಯಿ, ನೀವ ಅದೀರಿ ನೋಡ್ರಿ, ಅಲ್ಲವ್ವಾ, ಇದು ಯಾವಾಕಿನೋ ಅಳೂ ಮಾರ್ಯಾಕಿ, ನಾ ಅಳಂಗಿಲ್ಲ, ಮಲ್ಲಿಕಾ ಎರಡನೇ ಮಾತಾಡದೆ ಒತ್ತಿ ಅಳಿಸಿಬಿಟ್ಟಳು. ಮುದುಕಿ ಸೆರಗು ಸರಿಮಾಡಿ, ಸೊಂಟಕ್ಕೆ ಕೈಯಿಟ್ಟು, ಫೌಜಿನವರಂತೆ ನಿಂತಳು, ಈಗ ತಗಿ, ಅದನ್ನು ನೋಡಿ, ಹಾಂ, ಇದು ನಾ. ಆ ಮೊದಲಿಂದು ಎಷ್ಟ್ ಚಂದ ಇತ್ತಲೇ, ಅಂದಳು ಮೌನೇಶ್ವರಿ ಸ್ಕೂಟಿ ಹತ್ತುತ್ತ, ಚಂದ ಅದ ಅಂತ ಮಂದಿ ಮಾರಿ ಕಳವು ಮಾಡ್ಲೇನು, ನಾ ಅಲ್ಲ ಅಂದ್ರ ಅಲ್ಲ, ಮುಗೀತು, ಆಕಿ ಮಾರಿಗಿ ಆಕಿನ ಸಾಕ್ಷಿ.

ಗಬ್ಬೂರು, ಗಬ್ಬೂರು, ಇಳಿಯೋರು ಇಳೀರಿ, ಕಂಡಕ್ಟರ್ ಬಾಗಿಲು ಬಡಿಯುತ್ತಾನೆ, ದೇವರಿಗೆ ಕೈಮುಗಿದ ಹೆಂಗಸು ಇಳಿದಳು, ಬರ್ತೀನವ್ವಾ, ಜ್ವಾಪಾನ ಒಯ್ಯಿ, ಗಾಜದ. ಇಲ್ಲಿಂದ ಗುಡಿ ಕಾಣುವುದಿಲ್ಲ, ಊರೊಳಗೆ, ಆ ಸಂಜೆ ಕಟ್ಟೆಯ ಮೇಲೆ ಮಲ್ಲಿಕಾ ಕಾಲು ಚಾಚಿ ಕೂತು, ತಲೆಗಂಟು ಬಿಚ್ಚಿ, ಕ್ಲಿಪ್ಪು ಹಲ್ಲಲ್ಲಿ ಕಚ್ಚಿಕೊಂಡು, ಪಕ್ಕಕ್ಕೆ ತಿರುಗಿ ಏನೋ ನೋಡುತ್ತಿದ್ದಳು, ಕೂದಲಿನಲ್ಲಿ ಇನ್ನೂ ಒಂದೆರಡು ಅರಳೆ, ಮೌನೇಶ್ವರಿ ಕೇಳಲಿಲ್ಲ, ಕೇಳದೆಯೇ ತೆಗೆದಳು, ಬದುಕಿನಲ್ಲಿ ಕೇಳದೆ ಮಾಡಿದ್ದು ಅದೊಂದೇ ಏನೋ, ಕ್ಲಿಕ್ ಅಂದದ್ದಕ್ಕೆ ಮಲ್ಲಿಕಾ ತಿರುಗಿ, ಕಳ್ಳಿ, ತೋರ್ಸಿಲ್ಲಿ, ಅಷ್ಟರಲ್ಲಿ ಬ್ಯಾಟರಿ ಸತ್ತಿತ್ತು, ಪರದೆ ಕಪ್ಪು, ಇರ್ಲಿ, ಆಮ್ಯಾಲ ನೋಡಿ ಹೇಳ್ತೀನಿ, ನಾನ ಹೌದೋ ಅಲ್ಲೋ ಅಂತ. ಆಮೇಲೆ ಅವಳು ಹೇಳಲಿಲ್ಲ, ಇವಳು ಕೇಳಲಿಲ್ಲ, ನಾಳೆ ಕೇಳಿದರಾಯಿತು ಅಂತ ದಿನ ಹೋದವು, ಮಳೆಗಾಲದಲ್ಲಿ ಜ್ವರ ಬಂತು, ಏನೂ ಆಗಿಲ್ಲ ಬೇ ಸೊಳ್ಳಿ ಕಡದಾವ, ಫೋನಿನಲ್ಲಿ ದನಿ ಸಣ್ಣಗಿತ್ತು, ಆ ಮೇಲೆ ಫೋನು ಎತ್ತಿದ್ದು ಆನಂದ, ಅಕ್ಕಾ, ಮಲ್ಲಿಕಕ್ಕ ಹೋದ್ಲು ಅಂದ, ಅವತ್ತೂ ತಾನು ಆಗ್ಲಿ ಅಂದಳೇ, ಅಂದಿದ್ದರೂ ಅಂದಿರಬಹುದು. ಬೆರಳ ತುದಿಗೆ ಉಬ್ಬಿದ ಆ ಸಣ್ಣದು, ಹತ್ತಿ ಅಲ್ಲ ಬೇ, ಬಾಜೂಕ ಅದ, ಬಸ್ಸು ಹೊರಟಿತು.

ದೇವದುರ್ಗ, ಓಣಿ, ಮನೆಯ ಮುಂದೆ ಹತ್ತು ಜೊತೆ ಚಪ್ಪಲಿ, ವರ್ಷದ ನೆನಪಿಗೆ ಬಂದ ಮಂದಿ, ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು, ಅವರ ಪಕ್ಕಕ್ಕೆ ಹೊಸ ಮೊಳೆ, ಮೊಳೆಯ ಕೆಳಗೆ ಸ್ಟೂಲು, ಸ್ಟೂಲಿನ ಮೇಲೆ ಮೇಣದ ಬತ್ತಿ, ಮಲ್ಲಿಕಾಳ ಅಪ್ಪ ಪಕೀರಪ್ಪ ಕಾಕಾ ಎದ್ದು ಬಂದು, ಬಾ ಯವ್ವಾ, ತಂದೇನು, ಕೊಡಿಲ್ಲಿ, ತಾವೇ ಪೇಪರ್ ಹರಿಯುತ್ತಾರೆ, ಬಿಚ್ಚಿದ ಸುತಳಿಯನ್ನು ಎಲ್ಲಿ ಹಾಕಬೇಕೋ ತಿಳಿಯದೆ ಮೌನೇಶ್ವರಿ ಬಲಗೈಗೆ ಸುತ್ತಿಕೊಳ್ಳುತ್ತಾಳೆ, ಒಂದು ಸುತ್ತು, ಎರಡು ಸುತ್ತು. ಚಂದ ಬಂದದ, ಅಂದರು ಯಾರೋ, ಬಾಜೂಮನೆಯ ರಾಧಾ, ಎಷ್ಟ್ ಕಳಿ ಅದ ನೋಡ್ ಮಾರಿ ಮ್ಯಾಲ, ಮಾತಾಡೂ ಹಂಗ ಅದಾಳ. ಪಕೀರಪ್ಪ ಫೋಟೋವನ್ನು ಮೊಳೆಗೆ ಹಿಡಿದು ನೋಡಿ, ಹಿಂಗ ಇರ್ಬೇಕು, ಬುದ್ಧನ ಕಡಿ ನೋಡಾಕತ್ತಾಳ, ಮೊದ್ಲು ಬಾಗ್ಲ ಕಡಿ ನೋಡ್ತಿತ್ತಂತ ಮಾರಿ, ಆ ಅಲ್ಲಾಉದ್ದೀನಗ ಹೇಳಿ ನಾನ ತಿರುವಿಸೀನಿ — ತಿರುವಿಸೀನಿ, ಅವರ ದನಿಯಲ್ಲಿ ಈ ಒಂದು ವರ್ಷದಲ್ಲಿ ಮೊದಲ ಬಾರಿ ಏನೋ ನೆಟ್ಟಗೆ ಮಾಡಿದ ತೃಪ್ತಿ, ಅದನ್ನು ಯಾರು ಕೆಡಿಸುತ್ತಾರೆ, ಇರಲಿ, ಆಗ್ಲಿ, ಒಂದು ಮಚ್ಚೆ ತಾನೇ. ಮಲ್ಲಿಕಾಳ ತಾಯಿ ಬಸ್ಸಮ್ಮ ಯವ್ವ ಮಾತ್ರ ಕೂತಲ್ಲಿಂದ ಏಳಲಿಲ್ಲ, ಇಲ್ಲಿ ಕೊಡ್ರಿ ನೋಡ್ತೀನಿ ಅಂದು ಮಗಳನ್ನು ಮಡಿಲಿಗೆ ಹಾಕಿಕೊಂಡಳು, ನೋಡಿದಳು, ದೂರ ಹಿಡಿದು ನೋಡಿದಳು, ಸೆರಗಿನಿಂದ ಗಾಜು ಒರೆಸಿ ನೋಡಿದಳು, ಏನೋ ಬ್ಯಾರೆ ಕಾಣ್ತದಲ್ಲ, ಬ್ಯಾರೆ ಏನದ ಯವ್ವಾ, ಆಕಿನ ಅದಾಳ, ಅಂದ ಆನಂದ, ಹೌದಪಾ, ಆಕಿನ, ಆದ್ರ ನನಗ್ಯಾಕ ಗುರ್ತು ಹತ್ತವಲ್ದು, ವರ್ಷದಾಗ ನನ್ನ ಮಗಳ ಮಾರಿ ನನಗ ಮರ್ತು ಹೋತನು, ಎಂಥಾ ತಾಯಿ ನಾನು, ಇದನ್ನು ಅವಳು ಯಾರಿಗೂ ಹೇಳಲಿಲ್ಲ, ಗಾಜಿಗೆ ಹೇಳಿದಳು, ಸಣ್ಣಗೆ, ಮೌನೇಶ್ವರಿ ಹೊರತು ಯಾರೂ ಕೇಳಿಸಿಕೊಳ್ಳಲಿಲ್ಲ, ಪಕೀರಪ್ಪ ಕೈ ಚಾಚಿ, ಕೊಡು, ಹಾಕಿಬಿಡ್ತೀನಿ, ಹೊತ್ತಾತು.

ಬಲಗೈಗೆ ಸುತಳಿ ಬಿಗಿದಿದೆ, ಅದೇ ಜಾಗಕ್ಕೆ, ಅದೇ ಬರೆ ಬೀಳುವ ಜಾಗಕ್ಕೆ, ಬೆಲ್ಟು ಬಿಡಬ್ಯಾಡ, ಜೀವ ಹೋದ್ರೂ ಬಿಡಬ್ಯಾಡ, ಬಿಟ್ಟಿರಲಿಲ್ಲ, ಬಲಗೈ ಅವತ್ತು ಅದನ್ನೇ ಹಿಡಿದಿತ್ತು, ಹಾಗಾದರೆ ಚಾಚಿದ್ದು, ತಡವಿದ್ದು, ಉಜ್ಜಿದ್ದು, ಮೌನೇಶ್ವರಿ ನೋಡುತ್ತಾಳೆ, ತನ್ನ ಎಡಗೈ ತನ್ನನ್ನು ಕೇಳದೆ ಎದ್ದಿದೆ, ಕಾಲುಗಳು ಮಂದಿಯ ನಡುವಿನಿಂದ ಬಸ್ಸಮ್ಮನ ಬೆನ್ನ ಹಿಂದೆ ಹೋಗಿ ಕೂತಿವೆ, ಸ್ಕೂಟಿಯ ಮೇಲೆ ಕೂತ ಹಾಗೆ, ಏನ್ ಮಾಡಾಕತ್ತಾಳ ಈ ಹುಡುಗಿ, ಬೆನ್ನು, ಆ ಬೆನ್ನಿನಷ್ಟೇ ಅಗಲದ ಬೆನ್ನು, ಬಿಸಿಲು, ಹಾರುವ ಬಿಳೀ ಅರಳೆ, ಕೈ ಮುಂದಕ್ಕೆ ಹೋಗಿ ಕಣ್ಣಿಲ್ಲದೆ ಹುಡುಕುತ್ತದೆ, ಸಿಗುತ್ತದೆ ಯವ್ವನ ಎಡಗಲ್ಲ, ತೇವ, ಗಲ್ಲದ ಮೂಳೆಯಿಂದ ಒಂದು ಬೆರಳು ಕೆಳಗೆ, ಅಲ್ಲೇ, ಬೆರಳು ಅಲ್ಲೇ ನಿಲ್ಲುತ್ತದೆ, ಮನೆಯೆಲ್ಲ ಇವಳನ್ನೇ ನೋಡುತ್ತಿದೆ, ಗಂಟಲಿನಲ್ಲಿ ಆಗ್ಲಿ ಅನ್ನುವುದು ಬಂದು ಕೂತಿದೆ, ಅದನ್ನು ನುಂಗಿದಳು.

ಇದು ಆಕಿ ಅಲ್ಲ, ಅಂದಳು, ನೀ ಮರ್ತಿಲ್ಲ ಯವ್ವಾ, ಮಚ್ಚಿ ಇಲ್ಲಿ ಇತ್ತು.